ಕಸುವು ಕೊಟ್ಟವರು

ಗದಗಿನ ಸಭಾಭವನದಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಡಾ. ನೀಲಾಂಬಿಕಾ ಹೆಬಸೂರ ಅವರ ಭಾಷಣವೆಂದರೆ ಎಲ್ಲ ಊರಿನಲ್ಲೂ ಹೀಗೆಯೇ. ಜಗತ್ತಿನ ದೊಡ್ಡ ಬಹುಮಾನ ಬಂದ ಮೇಲೂ ಊರೂರು ತಿರುಗಿ, ತನ್ನ ಧಾರವಾಡದ ಕನ್ನಡದಲ್ಲೇ, ಸಂತೆ ಮುಗಿಸಿ ಬಂದವರಿಗೂ ತಿಳಿಯುವ ಹಾಗೆ ಜೀವಕೋಶದ ಕಥೆ ಹೇಳುವ ವಿಜ್ಞಾನಿ ಇನ್ನೊಬ್ಬರಿರಲಿಲ್ಲ. ಅರವತ್ತೆಂಟರ ಹೆಂಗಸು ವೇದಿಕೆಯ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿ ಬಂದಾಗಲೇ ಅರ್ಧ ಭಾಷಣ ಮುಗಿದಂತಾಗುತ್ತಿತ್ತು. ಅವಳ ಶೋಧಕ್ಕೆ ಅವಳೇ ಪುರಾವೆ.

ಇನ್ನೊಂದು ಪುರಾವೆ ಮೊದಲ ಸಾಲಿನಲ್ಲಿ ಕೂತಿತ್ತು: ತಂಗಿ ಮುಕ್ತಾ.

“ನಿಮ್ಮ ಮೈಯಾಗಿನ ಒಂದೊಂದ ಜೀವಕೋಶಾನೂ ಒಂದು ಮನಿ ಅಂತ ತಿಳಕೊಳ್ರಿ,” ಎನ್ನುತ್ತಿದ್ದಳು ನೀಲಾಂಬಿಕಾ. “ಆ ಮನ್ಯಾಗ ನೂರಾರು ಸಣ್ಣ ಒಲಿ. ಅವಕ್ಕ ಮೈಟೊಕಾಂಡ್ರಿಯ ಅಂತಾರ. ನೀವು ಉಂಡ ರೊಟ್ಟಿ, ಎಳಕೊಂಡ ಉಸಿರು, ಎರಡೂ ಅಲ್ಲೇ ಉರದು ಕಸುವಾಗತಾವು. ಒಲಿ ಆರಿತೋ, ಮನಿ ತಣ್ಣಗ. ನನ್ನ ಹೃದಯದಾಗ ಹಂಗ ಆಗಿತ್ತು.”

ಕೋಶಗಳು ತಮ್ಮ ಒಲೆಗಳನ್ನು ಪಕ್ಕದ ಕೋಶಕ್ಕೆ ಅಪರೂಪಕ್ಕೊಮ್ಮೆ ದಾಟಿಸುತ್ತವೆ ಎಂಬುದು ವಿಜ್ಞಾನಿಗಳಿಗೆ ಮೊದಲೇ ತಿಳಿದಿತ್ತು. ಹಾಗೆ ದಾಟಿಸಲು ಕೋಶದ ಗೋಡೆಯಲ್ಲಿ ಬಾಗಿಲು ತೆರೆಯುವ ಪ್ರೋಟೀನು ಯಾವುದು ಎಂದು ಕಂಡುಹಿಡಿದವಳು ನೀಲಾಂಬಿಕಾ. ಅವಳು ಅದಕ್ಕೆ ‘ಸೇತು’ ಎಂದು ಹೆಸರಿಟ್ಟಳು. ಆರೋಗ್ಯವಂತರೊಬ್ಬರ ತೋಳಿಗೆ ಸೇತುವಿನ ಚುಚ್ಚುಮದ್ದು ಕೊಟ್ಟರೆ ಮೂರು ದಿನ ಅವರ ಕೋಶಗಳು ತಮ್ಮ ಒಲೆಗಳನ್ನು ರಕ್ತಕ್ಕೆ ಬಿಡುತ್ತವೆ. ಆ ರಕ್ತವನ್ನು ಸೋಸಿ, ಒಲೆಗಳನ್ನಷ್ಟೇ ತೆಗೆದು, ಸೋತ ಹೃದಯಕ್ಕೋ ಸೋತ ಯಕೃತ್ತಿಗೋ ಏರಿಸಿದರೆ ಅದು ಮತ್ತೆ ಎದ್ದು ಕೂರುತ್ತದೆ. ವೈದ್ಯರು ಇದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ಜನ ಮಾತ್ರ ಕಸುವುದಾನ ಎಂದರು.

ಇಲಿಗಳ ಮೇಲಷ್ಟೇ ಪ್ರಯೋಗ ನಡೆದಿದ್ದ ಕಾಲದಲ್ಲಿ ನೀಲಾಂಬಿಕಾಗೆ ಒಂದು ವಿಷಮ ಜ್ವರ ಬಂದು ಹೃದಯದ ಸ್ನಾಯುಗಳೇ ಬಾಡಿಹೋದವು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು “ನಂದ ತಗೋ ಅಕ್ಕಾ” ಎಂದು ತೋಳು ಚಾಚಿದವಳು ಮುಕ್ತಾ. ಹದಿನೈದು ವರ್ಷವಾಯಿತು. ಅಕ್ಕ ಬದುಕಿದಳು, ಬಹುಮಾನ ಬಂತು, ದೇಶದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಕಸುವುದಾನದ ಕೋಣೆಗಳು ತೆರೆದವು.

ಅಕ್ಕನಿಗೆ ಮಾತು ಕೊಟ್ಟವಳೂ ಮುಕ್ತಾಳೇ. ಬಾನುಲಿಯಲ್ಲಿ ಬದುಕಿಡೀ ಉದ್ಘೋಷಕಿಯಾಗಿದ್ದವಳು ಅವಳು. ಬಹುಮಾನ ಬಂದ ಹೊಸತರಲ್ಲಿ ನೀಲಾಂಬಿಕಾ ಸಭೆಗಳಲ್ಲಿ ತನ್ನ ಕಾಲುಗಳನ್ನು ನೋಡುತ್ತ, ವಾಕ್ಯದ ಕೊನೆಯನ್ನು ಬಾಯೊಳಗೇ ಮುಗಿಸುತ್ತ ಮಾತಾಡುತ್ತಿದ್ದಳು. ಉಸಿರನ್ನು ವಾಕ್ಯದ ಮೊದಲು ತೆಗೆದುಕೋ, ನಡುವೆ ಬೇಡ. ಕಷ್ಟದ ಶಬ್ದ ಬಂದಾಗ ನಿಧಾನ ಮಾಡು. ಕೊನೆಯ ಸಾಲಿನ ಮುದುಕಿಯನ್ನು ನೋಡಿ ಹೇಳು. ಹೀಗೆ ಅಡುಗೆಮನೆಯಲ್ಲಿ ನಿಲ್ಲಿಸಿ ತಿದ್ದಿದ್ದಳು. ಒಂದನ್ನು ಮಾತ್ರ ತಿದ್ದಿರಲಿಲ್ಲ, ಅದರ ಅಗತ್ಯ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ಸುಳ್ಳು ಹೇಳುವಾಗ ಅಕ್ಕ ಆ ಸುಳ್ಳಿನ ಶಬ್ದದ ಮೊದಲು ಒಮ್ಮೆ ಉಗುಳು ನುಂಗುತ್ತಿದ್ದಳು. ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಮುಕ್ತಾಳಿಗೆ ಕೇಳಿಸುತ್ತಿತ್ತು.

ಭಾಷಣದ ಕೊನೆಗೆ ವಾಡಿಕೆಯಂತೆ ಮುಕ್ತಾ ವೇದಿಕೆಗೆ ಹೋದಳು. “ನಾ ಮೊದಲ ಕೊಟ್ಟಾಕಿ. ಆರಾಮ ಅದೀನಿ,” ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಳಗಿಳಿದು ಕುರ್ಚಿಯಲ್ಲಿ ಕೂತಾಗ ಎದೆ ಏರಿಳಿಯುತ್ತಿತ್ತು. ವಯಸ್ಸು, ಎಂದುಕೊಂಡಳು.

ಪ್ರಶ್ನೆಗಳ ಸಮಯದಲ್ಲಿ ಹಿಂದಿನ ಸಾಲಿನಿಂದ ಒಬ್ಬ ತರುಣಿ ಎದ್ದಳು.

“ನಾ ಶಾಹೀನ್ ಅಂತರೀ. ಸಾಲ್ಯಾಗ ಪಿ.ಟಿ. ಟೀಚರ್ ಅದೀನಿ. ನಾಕ ವರ್ಷದ ಹಿಂದ ನಮ್ಮತ್ತಿಗೆ ಕಸುವು ಕೊಟ್ಟೆ. ಅವರೀಗ ಅಡ್ಡಾಡತಾರ, ನನಗೂ ಖುಷಿನ ಐತಿ. ಆದ್ರ ಹುಡುಗೂರ ಜೋಡಿ ಮೈದಾನ ಒಂದ ಸುತ್ತ ಓಡಿದ್ರ ನಾ ಕೂತ ಬಿಡತೀನ್ರಿ. ದವಾಖಾನ್ಯಾಗ ರಕ್ತ ಛಲೋ ಐತಿ, ನಿಮ್ಮ ಮನಸಿನ್ಯಾಗ ಐತಿ ಅಂತಾರ. ಕೊಟ್ಟ ಕಸುವು ತಿರುಗಿ ಬರೂದು ಖರೇ ಏನ್ರಿ?”

ನೀಲಾಂಬಿಕಾ ಮುಗುಳ್ನಕ್ಕಳು. “ಖರೇನ ಐತವಾ. ಆರು ವಾರದಾಗ ಕೊಟ್ಟವರ ಒಲಿಗಳು ಪೂರ್ತಿ ತುಂಬತಾವು. ನೀ ಚೆಂದಂಗೆ ಉಣ್ಣು, ನಿದ್ದಿ ಮಾಡು.”

ಸಭೆ ಸಮಾಧಾನದಿಂದ ತಲೆಯಾಡಿಸಿತು. ಶಾಹೀನ್ ಕೂತಳು. ಮುಕ್ತಾ ಮಾತ್ರ ನೆಟ್ಟಗಾದಳು. ‘ಪೂರ್ತಿ’ ಎಂಬ ಶಬ್ದದ ಮೊದಲು ಅಕ್ಕ ಉಗುಳು ನುಂಗಿದ್ದಳು.

ಧಾರವಾಡಕ್ಕೆ ತಿರುಗಿ ಬರುವಾಗ ಕಾರಿನಲ್ಲಿ ಮುಕ್ತಾ ಮೆಲ್ಲಗೆ ಕೇಳಿದಳು.

“ಆ ಹುಡುಗಿಗೆ ಹಂಗ ಯಾಕ ಆಗತಿರಬೇಕು?”

“ರಕ್ತ ಕಡಿಮಿ ಇರಬೇಕು. ಇಲ್ಲಾ ಥೈರಾಯ್ಡು.”

“ರಕ್ತ ಛಲೋ ಐತಿ ಅಂದ್ಲಲ್ಲ.”

“ಮುಕ್ತಾ, ಅಷ್ಟು ಮಂದ್ಯಾಗ ಒಬ್ಬರಿಗೆ ಏನರೆ ಒಂದ ಇದ್ದ ಇರತೈತಿ.” ಅಕ್ಕ ಕಿಟಕಿಯ ಕಡೆ ತಿರುಗಿ ಗುನುಗತೊಡಗಿದಳು. ಅವಳು ಗುನುಗುವುದು ಮಾತು ಮುಗಿಯಿತು ಎನ್ನುವುದಕ್ಕೆ. ಮುಕ್ತಾಳ ಸಂಶಯವೇನೂ ಮುಗಿಯಲಿಲ್ಲ.

ಅಂದಿನಿಂದ ಅವಳಿಗೆ ಮನೆಯೊಳಗಿನ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಅಕ್ಕತಂಗಿಯರಿಬ್ಬರೂ ಸಪ್ತಾಪುರದ ಮನೆಯಲ್ಲಿ ಒಟ್ಟಿಗೇ ಇದ್ದರು. ಅಕ್ಕ ಮದುವೆಯಾಗಿರಲಿಲ್ಲ, ಮುಕ್ತಾಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಅಕ್ಕ ಇದ್ದಕ್ಕಿದ್ದಂತೆ ಮುಕ್ತಾಳ ಮಂಚವನ್ನು ಮಹಡಿಯಿಂದ ಕೆಳಗಿನ ಕೋಣೆಗೆ ಇಳಿಸಿದ್ದಳು. “ಮೊಣಕಾಲಿಗೆ ಛಲೋ” ಎಂದಿದ್ದಳು. ಮುಕ್ತಾಳ ಮೊಣಕಾಲಿಗೆ ಏನೂ ಆಗಿರಲಿಲ್ಲ. ಹಪ್ಪಳ ಒಣಗಿಸಲು ಮಾಳಿಗೆ ಹತ್ತಲು ಹೊರಟರೆ ತಡೆಯುತ್ತಿದ್ದಳು, ಕಾಯಿಪಲ್ಲೆಯ ಚೀಲ ಕೈಯಿಂದ ಕಸಿದುಕೊಳ್ಳುತ್ತಿದ್ದಳು. ಅಕ್ಕನ ಪ್ರೀತಿ ಎಂದು ಬಗೆದದ್ದೆಲ್ಲ ಈಗ ಒಂದೊಂದಾಗಿ ಎದ್ದು ಬಂದು ಪ್ರಶ್ನೆ ಕೇಳುತ್ತಿತ್ತು. ಇವಳಿಗೆ ಏನೋ ಗೊತ್ತಿದೆ. ಯಾವಾಗಿನಿಂದ ಗೊತ್ತಿದೆ?

ಊರಿನ ತುಂಬ ಕಸುವು ಕೊಟ್ಟವರಿದ್ದರು. ಅವರನ್ನೂ ಅವಳು ಈಗ ಹೊಸದಾಗಿ ನೋಡಿದಳು. ಬಾಣಂತಿಯರಿಗೆ ಮಾಡುವ ಅಂಟಿನ ಉಂಡಿಯನ್ನು ಕಸುವು ಕೊಟ್ಟವರ ಮನೆಗೂ ಡಬ್ಬಿ ತುಂಬಿ ಕಳಿಸುವ ರೂಢಿ ಬಂದಿತ್ತು. ಬಸ್ಸಿನಲ್ಲಿ ಅವರಿಗೆ ಎರಡು ಸೀಟು ಮೀಸಲು. ಹೆಣ್ಣು ನೋಡಲು ಬಂದವರು “ಹುಡುಗಿ ಯಾರಿಗರೆ ಕೊಟ್ಟಾಳೇನು?” ಎಂದು ಕೇಳುತ್ತಿದ್ದರು. ಕೊಟ್ಟಿಲ್ಲ ಎಂದರೆ ಮುಖ ಅರಳುತ್ತಿತ್ತು, ಯಾಕೆಂದರೆ ಆ ಮನೆಯಲ್ಲಿ ಒಬ್ಬ ಮಾವನೋ ಅಜ್ಜಿಯೋ ಕಾಯುತ್ತಿರುತ್ತಿದ್ದರು. ಎದುರು ಮನೆಯ ಸೊಸೆ ಕಳೆದ ವರ್ಷ ಮಾವನಿಗೆ ಕೊಟ್ಟಿದ್ದಳು. ಮಾವ ಈಗ ಬೆಳಿಗ್ಗೆ ಕೆಲಗೇರಿ ಕೆರೆಯ ಸುತ್ತ ನಡೆದು ಬರುತ್ತಾನೆ. ಸೊಸೆ ಅಂಗಳ ಗುಡಿಸುತ್ತ ಅರ್ಧಕ್ಕೆ ಕಸಬರಿಗೆ ಊರಿಕೊಂಡು ನಿಲ್ಲುತ್ತಾಳೆ. “ಮೈಗಳ್ಳಿ” ಎಂದು ಅತ್ತೆ ಒಳಗಿನಿಂದ ಒದರುತ್ತಾಳೆ.

ಅಂಧ ಮಕ್ಕಳ ಶಾಲೆಗಾಗಿ ಮುಕ್ತಾ ವಾರಕ್ಕೊಮ್ಮೆ ಕಥೆ ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದಳು. ಆ ವಾರ ಮೈಕಿನ ಮುಂದೆ ಕೂತವಳು ಬೇಕೆಂದೇ ಒಂದು ಉದ್ದನೆಯ ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದಲು ನೋಡಿದಳು. ನಡುವೆಯೇ ಉಸಿರು ಮುಗಿಯಿತು. ಮತ್ತೆ ಓದಿದಳು. ಮತ್ತೆ ಅಲ್ಲೇ. ಮೈಕನ್ನು ಆರಿಸಿ, ಆಟೋ ಹಿಡಿದು ನೇರವಾಗಿ ಅಕ್ಕನ ಸಂಸ್ಥೆಗೆ ಹೋದಳು.

ನೀಲಾಂಬಿಕಾ ಆ ವಾರ ದಿಲ್ಲಿಯಲ್ಲಿದ್ದಳು. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವಳು ಡಾ. ರೇವತಿ ಕುಂದರ್, ಅಕ್ಕನ ಹಳೆಯ ವಿದ್ಯಾರ್ಥಿನಿ, ಉಡುಪಿ ಕಡೆಯವಳು. ಮನೆಗೆ ಎಷ್ಟೋ ಸಲ ಊಟಕ್ಕೆ ಬಂದವಳು. ಆದರೆ ಮುಕ್ತಾ ಬಾಗಿಲಲ್ಲಿ ನಿಂತು “ನನ್ನ ಜೀವಕೋಶ ನೋಡಬೇಕಾಗಿತ್ತು” ಎಂದಾಗ ಅವಳ ಮುಖದ ಬಣ್ಣ ಹೋಯಿತು.

“ಎಂತಕ್ಕೆ ಅಕ್ಕ ಈಗ? ಮೇಡಂ ಬರ್ಲಿ ಅಲ್ವಾ.”

“ಅಕ್ಕ ಯಾಕ ಬೇಕು? ಕೋಶ ನಂದು.”

“ಹಾಗಲ್ಲ. ಕೊಟ್ಟವರದ್ದನ್ನು ಆರು ವಾರ ಆದ ಮೇಲೆ ನಾವು ನೋಡ್ಲಿಕ್ಕಿಲ್ಲ. ತೆಗೊಂಡವರದ್ದು ಮಾತ್ರ ನೋಡುವುದು. ಮೊದ್ಲಿನಿಂದ ಹಾಗೇ ಉಂಟು.”

“ಯಾಕ?”

ರೇವತಿ ಗಾಜಿನ ಪಟ್ಟಿಗಳನ್ನು ಒರೆಸುತ್ತ ನಿಂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಇವಳೂ ಅದರಲ್ಲಿ ಶಾಮೀಲು ಎಂದು ಮುಕ್ತಾಳಿಗೆ ಅನಿಸಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು. “ನೋಡವಾ ರೇವತಿ, ನಾ ಇಲ್ಲಿಂದ ಏಳೂದಿಲ್ಲ. ನೀ ತೋರಿಸ್ಲಿಲ್ಲ ಅಂದ್ರ ಬ್ಯಾರೆ ಎಲ್ಲರೆ ಹೋಗತೀನಿ. ಅವರು ಪೇಪರಿಗೆ ಕೊಡತಾರ.”

ಕೊನೆಗೆ ರೇವತಿ ಒಂದು ಚೂರು ರಕ್ತ ತೆಗೆದುಕೊಂಡಳು. ಒಲೆಗಳು ಹಸಿರಾಗಿ ಹೊಳೆಯುವಂತೆ ಮಾಡುವ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪರದೆ ಬೆಳಗಿಸಿದಳು. ಪಕ್ಕದಲ್ಲಿ ತನ್ನದೇ ರಕ್ತದ ಒಂದು ಹನಿ. ರೇವತಿ ಯಾರಿಗೂ ಕಸುವು ಕೊಟ್ಟಿರಲಿಲ್ಲ.

ಎಡಗಡೆ ರೇವತಿಯ ಕೋಶಗಳು, ದೀಪ ಹಚ್ಚಿದ ಓಣಿಯ ಹಾಗೆ. ಬಲಗಡೆಯವು ಮಬ್ಬು. ಅಷ್ಟೇ ಆಗಿದ್ದರೆ ಮುಕ್ತಾ ವಯಸ್ಸು ಎಂದು ಬಿಡುತ್ತಿದ್ದಳೇನೋ. ನೋಡುತ್ತಿದ್ದ ಹಾಗೆಯೇ ಬಲಗಡೆಯ ಒಂದು ಕೋಶದ ಅಂಚು ಉಬ್ಬಿತು, ಒಂದು ಹಸಿರು ಚುಕ್ಕೆ ಹೊರಗೆ ಜಾರಿತು, ದೂರ ತೇಲಿಹೋಗಿ ನಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಇದೇನಿದು?”

“ಬಾಗಿಲು,” ಎಂದಳು ರೇವತಿ. ದನಿ ಇಳಿದಿತ್ತು. “ಸೇತು ಮೂರು ದಿನದಲ್ಲಿ ರಕ್ತದಿಂದ ಹೋಗ್ತದೆ, ಅದು ಸರಿ. ಆದರೆ ಕೋಶ ಒಮ್ಮೆ ಬಾಗಿಲು ತೆಗೀಲಿಕ್ಕೆ ಕಲಿತ ಮೇಲೆ ಅದನ್ನು ಮರೆಯುವುದಿಲ್ಲ. ಹೊಸ ಒಲೆ ಮಾಡಿದ ಹಾಗೆಲ್ಲ ಒಂದೊಂದು ಹೊರಗೆ ಹಾಕ್ತಾ ಇರ್ತದೆ. ಆರು ವಾರದಲ್ಲಿ ತುಂಬುವುದು ಸುಳ್ಳಲ್ಲ ಅಕ್ಕ. ಅದರ ನಂತರ ಸೋರ್ಲಿಕ್ಕೆ ಶುರುವಾಗ್ತದೆ. ವರ್ಷಗಟ್ಟಲೆ.”

“ಅಕ್ಕಗ ಗೊತ್ತೈತೇನು?”

“ಇಲಿಗಳಲ್ಲಿ ನಾನು ನೋಡಿ ಮೇಡಂಗೆ ಹೇಳಿದೆ. ಪುನಃ ಮಾಡು ಅಂದ್ರು. ಮಾಡಿದೆ. ಪುನಃ ಮಾಡು ಅಂದ್ರು. ಎರಡು ವರ್ಷದಿಂದ ಪುನಃ ಮಾಡುವುದೇ ನನ್ನ ಕೆಲಸ.” ರೇವತಿ ಪರದೆ ಆರಿಸಲು ಕೈ ಚಾಚಿದಳು. ಮುಕ್ತಾ ಆ ಕೈ ಹಿಡಿದಳು. ಇನ್ನೂ ಸ್ವಲ್ಪ ಹೊತ್ತು ನೋಡಿದಳು.

ದಿಲ್ಲಿಯಿಂದ ಬಂದ ಮರುದಿನ ನೀಲಾಂಬಿಕಾ ಪಡಸಾಲೆಯಲ್ಲಿ ನಿಂತು ಭಾಷಣದ ತಾಲೀಮು ಮಾಡುತ್ತಿದ್ದಳು. ಮುಂದಿನ ರವಿವಾರ ಧಾರವಾಡದಲ್ಲೇ ದೊಡ್ಡ ಸಭೆ, ಎಲ್ಲ ವಾಹಿನಿಗಳಲ್ಲೂ ನೇರ ಪ್ರಸಾರ. ಹಿಂದೆಲ್ಲ ತಾಲೀಮಿನ ಹೊತ್ತಿಗೆ ಮುಕ್ತಾ ಕಣ್ಣುಮುಚ್ಚಿ ಕೂತು ಕೇಳುತ್ತಿದ್ದಳು. ಇವತ್ತು ಕಣ್ಣು ತೆರೆದೇ ಕೂತಿದ್ದಳು.

“ಅಕ್ಕಾ, ನಾ ರೇವತಿ ಕಡೆ ಹೋಗಿದ್ದೆ.”

ನೀಲಾಂಬಿಕಾ ಚಷ್ಮಾ ತೆಗೆದಳು. “ನೋಡಿದ್ಯಾ?”

“ನೋಡಿದೆ. ಒಂದ ಮಾತು ಕೇಳತೀನಿ. ಹದಿನೈದು ವರ್ಷದ ಹಿಂದ ನಾ ತೋಳು ಚಾಚಿದಾಗ ನಿನಗ ಇದು ಗೊತ್ತಿತ್ತೇನು?”

“ಇಲ್ಲ.”

“ಖರೇ ಹೇಳು.”

“ನಮ್ಮವ್ವನಾಣಿ ಇಲ್ಲ. ಎರಡ ವರ್ಷದಿಂದ ಗೊತ್ತು.” ಅಕ್ಕ ಸೋಫಾದ ತುದಿಗೆ ಕೂತಳು. “ಮುಕ್ತಾ, ಕೇಳು. ಲಕ್ಷಗಟ್ಟಲೆ ಮಂದಿ ಇದರಿಂದ ಬದುಕ್ಯಾರ. ನಾ ಒಂದ ಮಾತು ಬಾಯಿ ಬಿಟ್ಟೆ ಅಂದ್ರ ನಾಳೆ ಒಬ್ಬರೂ ಕೊಡಾಕ ಬರೂದಿಲ್ಲ. ಮಂಚದ ಮ್ಯಾಲೆ ಮಲಕೊಂಡವರು ಏನ ಮಾಡಬೇಕು? ಬಾಗಿಲಾ ಮುಚ್ಚೂ ಔಷಧ ಇನ್ನೊಂದು ವರ್ಷದಾಗ ಕೈಗೆ ಬರತೈತಿ. ಆಗ ಎರಡೂ ಕೂಡೇ ಹೇಳೂಣು ಅಂತ ಇದ್ದೆ.”

“ಈ ಎರಡ ವರ್ಷದಾಗ ಎಷ್ಟ ಮಂದಿ ಕೊಟ್ರು? ಆ ಗದಗಿನ ಹುಡುಗಿಗೆ ಚೆಂದಂಗೆ ಉಣ್ಣು ಅಂದ್ಯಲ್ಲ. ಎದುರು ಮನಿ ಸೊಸಿ ಕೊಟ್ಟಿದ್ದು ಹೋದ ವರ್ಷ. ನೀನ ಹೋಗಿ ಆಕಿಗೆ ಅಂಟಿನ ಉಂಡಿ ಕೊಟ್ಟು ಬಂದಿ.”

ನೀಲಾಂಬಿಕಾ ಚಷ್ಮಾ ಮತ್ತೆ ಹಾಕಿಕೊಂಡಳು. “ರವಿವಾರ ನೀ ಬರಬ್ಯಾಡ. ಆರಾಮ ತಗೋ,” ಎಂದು ಮಹಡಿ ಹತ್ತಿದಳು. ಹೆಜ್ಜೆಗಳು ಹಗುರವಾಗಿ, ಸರಸರನೆ ಏರಿಹೋದವು.

ಆ ‘ಇಲ್ಲ’ವನ್ನು ಮುಕ್ತಾ ತಲೆಯೊಳಗೆ ಮತ್ತೆ ಮತ್ತೆ ಕೇಳಿಸಿಕೊಂಡಳು. ಅದರ ಮೊದಲು ಅಕ್ಕ ಉಗುಳು ನುಂಗಿರಲಿಲ್ಲ. ಹಾಗಾದರೆ ನಿಜವೇ ಇರಬೇಕು. ಆದರೆ ಗದಗಿನಿಂದ ಬರುವಾಗ ತಾನು ಪ್ರಶ್ನೆ ಕೇಳಿದ್ದೆನಲ್ಲ, ಆಗಲೇ ಅಕ್ಕ ಎಚ್ಚೆತ್ತು, ಅದನ್ನೂ ತಿದ್ದಿಕೊಂಡಿದ್ದರೆ? ಉಸಿರು ಎಲ್ಲಿ ತೆಗೆಯಬೇಕು, ದನಿ ಎಲ್ಲಿ ಇಳಿಸಬೇಕು, ಕೇಳುವವರು ನಂಬುವ ಹಾಗೆ ಹೇಗೆ ನಿಲ್ಲಿಸಬೇಕು, ಎಲ್ಲವನ್ನೂ ಕಲಿಸಿದವಳು ತಾನೇ. ಈ ದನಿಯಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಈಗ ತನಗೇ ತಿಳಿಯದಂತಾಗಿತ್ತು. ಔಷಧ ಒಂದು ವರ್ಷದಲ್ಲಿ ಬರುತ್ತದೆ ಎಂಬುದೂ ಅಷ್ಟೇ. ಇದ್ದರೂ ಇರಬಹುದು.

ರವಿವಾರ ಅವಳು ಹೋದಳು. ಅಕ್ಕನ ಕಾರು ಹೊರಟ ಮೇಲೆ ಬೇರೆ ಆಟೋದಲ್ಲಿ ಹೋಗಿ, ಮೊದಲ ಸಾಲಿನ ತನ್ನ ಎಂದಿನ ಕುರ್ಚಿಯಲ್ಲಿ ಕೂತಳು. ನೀಲಾಂಬಿಕಾ ಅವಳನ್ನು ನೋಡಿದಳು. ಮಾತು ಒಂದು ಕ್ಷಣವೂ ತಡವರಿಸಲಿಲ್ಲ. ಭಾಷಣ ಎಂದಿಗಿಂತ ಚೆನ್ನಾಗಿತ್ತು. ಜನ ನಕ್ಕರು, ಕಣ್ಣೊರೆಸಿಕೊಂಡರು. ಕೊನೆಗೆ ಅಕ್ಕ ಕೈಮುಗಿದು ಮುಗಿಸಲು ನೋಡಿದಳು. ಆದರೆ ಸಭಿಕರಿಗೆ ವಾಡಿಕೆ ಗೊತ್ತಿತ್ತು, “ಮುಕ್ತಾ ಅಕ್ಕಾರು ಬರಲಿ” ಎಂದು ಕೂಗಿದರು. ಸಂಘಟಕರು ಬಂದು ಕೈಹಿಡಿದು ಕರೆದೊಯ್ದರು.

ಮುಕ್ತಾ ಮೈಕಿನ ಮುಂದೆ ನಿಂತಳು. ಏದುಸಿರು ಇಳಿಯುವ ತನಕ ಕಾಯ್ದಳು. ಆ ಏದುಸಿರೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

“ನಾ ಮೊದಲ ಕೊಟ್ಟಾಕಿ,” ಎಂದಳು. ಮುಂದಿನ ವಾಕ್ಯ ಬಾಯಿಗೆ ಬರಲಿಲ್ಲ. ಅಕ್ಕನ ಕಡೆ ತಿರುಗಿದಳು. “ಅಕ್ಕಾ, ನೀನ ಹೇಳು. ನಾ ಆರಾಮ ಅದೀನೇನು?”

ಸಭೆಗೆ ಇದು ತಮಾಷೆಯೆನಿಸಿ ಒಂದಿಷ್ಟು ಜನ ನಕ್ಕರು. ನೀಲಾಂಬಿಕಾ ಉತ್ತರಿಸಲಿಲ್ಲ. ನಗು ತಾನಾಗಿ ನಿಂತಿತು. ಬಾನುಲಿಯಲ್ಲಿ ಮಾತು ಹೀಗೆ ನಿಂತುಬಿಟ್ಟರೆ ಉದ್ಘೋಷಕರು ಕೈಗೆ ಸಿಕ್ಕ ಹಾಡು ಹಚ್ಚುತ್ತಾರೆ. ಆ ಹೆದರಿಕೆಯಲ್ಲೇ ನೌಕರಿ ಮುಗಿಸಿದವಳು ಮುಕ್ತಾ. ಈಗ ಅವಳು ಮೌನವನ್ನು ತುಂಬಲು ಹೋಗಲಿಲ್ಲ, ಕಾಯ್ದಳು. ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಒಂದು ಮಾತು ಸಾಕು, ‘ಅದೀಯವಾ’ ಎಂದರೆ ಸಾಕು, ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಆ ಮಾತು ಅಕ್ಕನ ಗಂಟಲವರೆಗೆ ಬಂದದ್ದು ಮುಕ್ತಾಳಿಗೆ ಕಂಡಿತು.

“ಇಲ್ಲ,” ಎಂದಳು ನೀಲಾಂಬಿಕಾ.

ಮುಂದಿನದನ್ನು ಅವಳು ಕೆಟ್ಟದಾಗಿ ಹೇಳಿದಳು. ವಾಕ್ಯಗಳು ಅರ್ಧಕ್ಕೆ ನಿಂತವು, ಇಲಿಗಳ ವಿಷಯ ಹೇಳುತ್ತ ಮನುಷ್ಯರಿಗೆ ಹೋದಳು, ಮತ್ತೆ ಇಲಿಗಳಿಗೆ ಬಂದಳು. ಆದರೂ ಬಾಗಿಲು ಮುಚ್ಚುವುದಿಲ್ಲ, ಕಸುವು ಸೋರುತ್ತದೆ, ಎರಡು ವರ್ಷದಿಂದ ತನಗೆ ಗೊತ್ತಿತ್ತು ಎಂಬ ಮೂರೂ ಮಾತು ಎಲ್ಲರಿಗೂ ತಿಳಿಯಿತು.

ಆಮೇಲೆ ಆದದ್ದನ್ನು ಊರು ಬಹಳ ದಿನ ಮಾತಾಡಿತು. ಸರಕಾರ ವಾರದೊಳಗೆ ಕಸುವುದಾನ ನಿಲ್ಲಿಸಿತು. ಸಂಸ್ಥೆಯ ಗಾಜು ಒಡೆದರು. ಎದುರು ಮನೆಯ ಸೊಸೆ ಕಸಬರಿಗೆಯನ್ನು ಅತ್ತೆಯ ಮುಂದೆ ಒಗೆದು ತವರಿಗೆ ಹೋದಳು; ಮಾವನೇ ಹೋಗಿ, ಅಲ್ಲಿ ಎರಡು ದಿನ ಕೂತು, ಕರೆದುಕೊಂಡು ಬಂದ. ಹಾವೇರಿಯಿಂದ ವೀರಭದ್ರಪ್ಪ ಎಂಬಾತ ಮನೆ ಹುಡುಕಿಕೊಂಡು ಬಂದ. ಅವನ ಹೆಂಡತಿಗೆ ಮರುವಾರ ಮಗಳು ಕಸುವು ಕೊಡುವುದಿತ್ತು. “ನೀವು ಇನ್ನೊಂದು ವಾರ ಬಾಯಿ ಮುಚ್ಚಿಕೊಂಡಿದ್ರ ನನ್ನ ಹೇಣ್ತಿ ಉಳೀತಿದ್ಲು,” ಎಂದು ಮುಕ್ತಾಳ ಮುಂದೆ ನಿಂತು ಹೇಳಿದ. ಬಯ್ಯಲಿಲ್ಲ, ಹಾಗೆ ಹೇಳಿ ಹೋದ. ಮುಂದಿನ ತಿಂಗಳು ಆ ಹೆಣ್ಣುಮಗಳು ತೀರಿಕೊಂಡಳು. ಸುದ್ದಿ ಕೇಳಿದ ದಿನ ಮುಕ್ತಾ ಊಟ ಮಾಡಲಿಲ್ಲ. ಮಗಳು ಉಳಿದಳು ಎಂದು ತನಗೆ ತಾನೇ ಹೇಳಿಕೊಂಡಳು. ಅದರಿಂದ ಹಸಿವೇನೂ ಹುಟ್ಟಲಿಲ್ಲ.

ಅಕ್ಕತಂಗಿಯರ ನಡುವೆ ಬೇಕಾದಷ್ಟೇ ಮಾತು ಉಳಿಯಿತು. ಬಾಗಿಲು ಮುಚ್ಚುವ ಔಷಧ ನಿಜವಾಗಿಯೂ ಇತ್ತು. ಇಲಿಗಳಲ್ಲಿ ಸೋರಿಕೆ ನಿಂತಿತ್ತು. ಮನುಷ್ಯರ ಮೇಲೆ ನೋಡಲು ಕಸುವು ಕೊಟ್ಟವರೇ ಬೇಕು. ಆದರೆ ಕೊಟ್ಟವರಾರೂ ನೀಲಾಂಬಿಕಾಳ ಮಾತು ನಂಬಲು ಸಿದ್ಧರಿರಲಿಲ್ಲ. ಅವಳು ಮುಕ್ತಾಳನ್ನು ಕೇಳಿದಳು.

“ನಾ ಮೊದಲನೆಯಾಕಿ ಒಮ್ಮೆ ಆಗೀನಿ,” ಎಂದಳು ಮುಕ್ತಾ. “ಇನ್ನೊಮ್ಮೆ ಆಗೂದಿಲ್ಲ.”

ಅದಾದ ಕೆಲವು ದಿನಕ್ಕೆ ರೇವತಿಯ ಫೋನು ಬಂತು. “ಅಕ್ಕ, ನೀವು ಒಮ್ಮೆ ಬನ್ನಿ. ಮೇಡಂ ಸೇತು ಚುಚ್ಚಿಕೊಂಡಿದ್ದಾರೆ.”

ಮುಕ್ತಾ ಹೋದಾಗ ನೀಲಾಂಬಿಕಾ ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಒಮ್ಮೆ ಬಾಡಿ, ತಂಗಿಯ ಒಲೆಗಳಿಂದ ಎದ್ದು ನಿಂತಿದ್ದ ಹೃದಯ ಅದು. ಅದರ ಬಾಗಿಲನ್ನು ತಾನೇ ತೆರೆದುಕೊಂಡಿದ್ದಳು.

“ಹುಚ್ಚು ಹಿಡದೈತೇನ ನಿನಗ?” ಎಂದಳು ಮುಕ್ತಾ. “ಯಾರನ್ನ ಕೇಳಿ ಮಾಡಿದಿ?”

“ಕೇಳಿದ್ರ ಬ್ಯಾಡ ಅಂತಿದ್ದಿ. ಈಗ ನಾನೂ ಕೊಟ್ಟಾಕಿ. ಔಷಧ ಮೊದಲ ನನಗ ಹಾಕ್ಲಿ.”

ಮುಕ್ತಾಳಿಗೆ ಅಳು ಬರಬೇಕಾಗಿತ್ತು. ಬಂದದ್ದು ಸಂಶಯ. ಇದೂ ಒಂದು ಭಾಷಣವಿರಬಹುದೇ? ಜನರ ಮುಂದೆ ಮತ್ತೆ ಎದ್ದು ನಿಲ್ಲಲು ಒಂದು ಮೆಟ್ಟಿಲು? ಅವಳು ರೇವತಿಯ ಕಡೆ ತಿರುಗಿದಳು. “ತೋರಿಸು.”

ರೇವತಿ ಅಕ್ಕನ ಬೆರಳಿನಿಂದ ಮುಕ್ತಾಳ ಎದುರಿಗೇ ರಕ್ತ ತೆಗೆದಳು. ಪರದೆ ಬೆಳಗಿತು. ಹಸಿರು ಚುಕ್ಕೆಗಳು ಕೋಶಗಳ ಅಂಚಿನಿಂದ ಒಂದರ ಹಿಂದೊಂದು ಜಾರಿ ಹೊರಬರುತ್ತಿದ್ದವು.

“ಅದು ಹೆಂಗಂದ್ರ, ಮೊದಲ ಮೂರು ದಿನ…” ಎಂದು ನೀಲಾಂಬಿಕಾ ಮಲಗಿದಲ್ಲಿಂದಲೇ ಶುರು ಮಾಡಿದಳು.

“ನೀ ಸುಮ್ಮನಿರು ಅಕ್ಕಾ,” ಎಂದಳು ಮುಕ್ತಾ. “ನಾ ನೋಡಾಕತ್ತೀನಿ.”

ಆರು ವಾರ ಕಳೆದು ಸೋರಿಕೆ ಶುರುವಾದ ಮೇಲೆ ಅಕ್ಕನಿಗೆ ಔಷಧ ಹಾಕಿದರು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಮುಕ್ತಾ ಹೋಗಿ ಪರದೆಯ ಮುಂದೆ ಕೂತಳು. ಮೊದಲು ಏನೂ ಬದಲಾಗಲಿಲ್ಲ. ಅಕ್ಕನ ಕಾಲು ಊದಿಕೊಂಡವು, ಮಹಡಿ ಹತ್ತುವುದು ನಿಂತು ಅವಳ ಮಂಚವೂ ಕೆಳಗಿಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಚುಕ್ಕೆ ಜಾರುವುದು ಅಪರೂಪವಾಯಿತು. ದಸರೆಯ ವಾರ ಅವಳು ಕೂತಷ್ಟು ಹೊತ್ತೂ ಒಂದೂ ಜಾರಲಿಲ್ಲ. ಹೋದ ಕಸುವು ಹೋಗಿತ್ತು, ಇದ್ದದ್ದು ನಿಂತಿತು. ಆಗ ಮುಕ್ತಾ ತನ್ನ ತೋಳು ಚಾಚಿದಳು. ಗದಗಿನ ಶಾಹೀನ್‌ಳನ್ನು ತಾನೇ ಕರೆಸಿ, ಪರದೆಯ ಮುಂದೆ ಕೂರಿಸಿ, “ನಿನಗ ಅನುಮಾನ ಇದ್ರ ಇನ್ನೂ ಒಂದ ತಿಂಗಳು ನೋಡು,” ಎಂದಳು. ಶಾಹೀನ್ ಒಂದು ತಿಂಗಳು ನೋಡಿಯೇ ತೋಳು ಕೊಟ್ಟಳು.

ನೀಲಾಂಬಿಕಾಳನ್ನು ದೊಡ್ಡ ಸಭೆಗಳಿಗೆ ಕರೆಯುವುದು ನಿಂತುಹೋಗಿತ್ತು. ಕಸುವು ಕೊಟ್ಟವರು ಸೇರುವ ಸಣ್ಣ ಕೋಣೆಗಳಿಗೆ ಅವಳೇ ಹೋಗುತ್ತಿದ್ದಳು. ನಿಲ್ಲಲಾಗದೆ ಕುರ್ಚಿಯಲ್ಲಿ ಕೂತು, ನಡುನಡುವೆ ಉಸಿರು ಎಳೆದುಕೊಳ್ಳುತ್ತ ಮಾತಾಡುತ್ತಿದ್ದಳು. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕ ಎದ್ದು, “ಈ ಔಷಧದಿಂದ ಮುಂದ ಏನೂ ಆಗೂದಿಲ್ಲ ಅಂತ ಗ್ಯಾರಂಟಿ ಏನ್ರಿ?” ಎಂದು ಕೇಳಿದ.

“ಗೊತ್ತಿಲ್ರಿ,” ಎಂದಳು ನೀಲಾಂಬಿಕಾ. “ಈಗಿನ ಮಟ್ಟಿಗೆ ನಿಂತೈತಿ. ಐದು ವರ್ಷಕ್ಕ ಏನಾಗತೈತಿ, ನನಗ ಗೊತ್ತಿಲ್ಲ.”

ಹಿಂದಿನ ಸಾಲಿನಲ್ಲಿ ಕೂತಿದ್ದ ಮುಕ್ತಾ ಆ ಮಾತನ್ನು ಕಿವಿಗೊಟ್ಟು ಕೇಳಿದಳು. ಉಗುಳು ನುಂಗಿದ ಸದ್ದು ಎಲ್ಲಿಯೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸೆರಗು ಸರಿಮಾಡಿಕೊಂಡು ಹೊರಟದ್ದನ್ನು ಕಂಡು ಅಕ್ಕ ಮಂಚದಿಂದಲೇ ಕೇಳಿದಳು. “ಎಲ್ಲಿಗೆ, ಲ್ಯಾಬಿಗೇನು? ಇನ್ನೂ ನಂಬಿಕಿ ಬಂದಿಲ್ಲೇನು ನಿನಗ?”

“ಬಂದೈತಿ,” ಎಂದಳು ಮುಕ್ತಾ, ಅಕ್ಕನ ಚಪ್ಪಲಿಗಳನ್ನು ಮಂಚದ ಹತ್ತಿರ ತಂದಿಡುತ್ತ. “ಏಳು, ನೋಡಿ ಬರೂಣು.”